ತೂತು ಕೊಡ

ಹೊಳಲ್ಕೆರೆಯ ನಮ್ಮ ಶೆಡ್ಡಿನಲ್ಲಿ ಅಡಿಕೆ ಸುಲಿಯಲು ಕೂತವಳು ನಡುವೆ ಎದ್ದು ಹೊರಗೆ ಹೋದರೆ ಅವಳ ಕಥೆ ಮುಗಿಯಿತು. "ತೂತು ಕೊಡ ಎದ್ತು ನೋಡ್ರೇ!" ಎಂದು ಎಲ್ಲರೂ ನಗುತ್ತಿದ್ದರು. ಆ ಹೆಸರಿಟ್ಟವಳು ನಾನೇ. ಸುಳ್ಳೇಕೆ ಹೇಳಲಿ, ಅದರ ಜಂಭವೂ ನನಗಿತ್ತು.

ಅಲ್ಲಿ ಕಕ್ಕಸು ಇರಲಿಲ್ಲ. ಬೇಲಿಯಾಚೆ ಹೋಗಬೇಕು, ಅಲ್ಲಿ ಅಡಿಕೆ ಬೇಯಿಸುವ ಗಂಡಸರು. ಅದಕ್ಕೇ ನಾವು ನೀರು ಕುಡಿಯುತ್ತಿರಲಿಲ್ಲ. ಬೆಳಿಗ್ಗೆ ಅರ್ಧ ಲೋಟ ಚಾ ಕುಡಿದು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತರೆ ನಾನು ಏಳುತ್ತಿದ್ದದ್ದು ಸಂಜೆಯೇ. ಸೊಂಟ ಹಿಡಿದರೆ ಸೆರಗಿನ ಗಂಟಿನಲ್ಲಿ ನೋವಿನ ಮಾತ್ರೆ ಇತ್ತು. ಪಕ್ಕದಲ್ಲಿ ಕೂರುತ್ತಿದ್ದ ನನ್ನ ವಾರಗಿತ್ತಿ ಎರಡು ಹೆತ್ತವಳು, ತಡೆಯಲಾರದೆ ಏಳುತ್ತಿದ್ದಳು. ನನ್ನ ಮಾತಿಗೆ ಒಮ್ಮೆ ಅತ್ತೇಬಿಟ್ಟಿದ್ದಳು.

ಹೋದ ವರ್ಷದ ಕೊಯ್ಲಿನಲ್ಲಿ ನನಗೆ ಜ್ವರ, ವಾಂತಿ ಹಿಡಿಯಿತು. ಆದರೂ ಅದೇ ನೋವಿನ ಮಾತ್ರೆ ನುಂಗಿ ಎರಡು ದಿನ ಸುಲಿದೆ. ಮೂರನೆಯ ದಿನ ಮುಖ, ಕಾಲು ಊದಿಕೊಂಡವು. ಹಿಂದಿನ ದಿನದಿಂದ ಒಂದು ಹನಿ ಮೂತ್ರವೂ ಹೋಗಿಲ್ಲವೆಂದು ಆಗ ಹೊಳೆಯಿತು. ವಾರಗಿತ್ತಿಯೇ ಚಿತ್ರದುರ್ಗದ ಬಸ್ಸು ಹತ್ತಿಸಿದಳು.

"ನೀರಿಲ್ದೆ ಮೈ ಒಣಗಿಸಿ, ಮೇಲೆ ಆ ಮಾತ್ರೆ ಬೇರೆ ಹಾಕೀರಮ್ಮ. ಎರಡೂ ಕಿಡ್ನಿ ಕೆಲಸ ನಿಲ್ಸವೆ," ಎಂದರು ಡಾಕ್ಟರು.

"ಮತ್ತೆ ಶುರುವಾಗ್ತಾವಾ ಸಾರ್?"

"ಆಗಬಹುದು. ಆಗ್ದಿದ್ರೆ ಜೀವನಪೂರ್ತಿ ಡಯಾಲಿಸಿಸ್. ಮೂತ್ರ ಬರೋದನ್ನ ಕಾಯ್ಬೇಕು."

ಕುತ್ತಿಗೆಗೆ ನಳಿಕೆ ಹಾಕಿ ಮೂರು ಸಲ ರಕ್ತ ಶುದ್ಧಿ ಮಾಡಿದರು. ಮಂಚದ ಬದಿಗೆ ತೂಗುಹಾಕಿದ್ದ ಮೂತ್ರದ ಚೀಲ ಮಾತ್ರ ಖಾಲಿಯೇ. ವಾರಗಿತ್ತಿ ಗಳಿಗೆಗೊಮ್ಮೆ ಬಗ್ಗಿ ನೋಡುತ್ತಿದ್ದಳು. ನನಗೆ ಹೆದರಿಕೆಗಿಂತ ನಾಚಿಕೆ ಹೆಚ್ಚಾಗಿತ್ತು.

"ನಿನ್ನ ಆಡ್ಕೊಂಡೆ ಕಣೇ, ಅದಕ್ಕೇ ಹಿಂಗಾತು."

"ಸುಮ್ನೆ ಮಲಿಕ್ಕೊ ಅಕ್ಕ. ಆಡ್ಕೊಂಡ್ರೆ ಕಿಡ್ನಿ ಹೋಗಂಗಿದ್ರೆ ನಮ್ಮೂರಲ್ಲಿ ಯಾರಿಗೂ ಉಳೀತಿರಲಿಲ್ಲ," ಎಂದಳು.

ಆರನೆಯ ದಿನ ಅವಳು "ಅಕ್ಕ, ಬಂತು!" ಎಂದು ಕೂಗಿದ್ದಕ್ಕೆ ಇಡೀ ವಾರ್ಡು ತಿರುಗಿ ನೋಡಿತು. ಚೀಲದ ತಳದಲ್ಲಿ ಎರಡು ಚಮಚೆಯಷ್ಟು ನೀರು. ನಾನು ಗೋಳೋ ಎಂದು ಅತ್ತೆ. ದಿನದಿನಕ್ಕೆ ಅದು ಹೆಚ್ಚಿ, ಕಿಡ್ನಿಗಳು ಮತ್ತೆ ಕೆಲಸ ಹಿಡಿದವು.

ಈ ಸಲದ ಕೊಯ್ಲಿಗೆ ಮೊದಲೇ ಶೆಡ್ಡಿನ ಸಾಹುಕಾರನ ಮನೆಗೆ ಹೋದೆ. "ಕಕ್ಕಸು ಮಾಡಿಸ್ರಿ. ಇಲ್ಲಾಂದ್ರೆ ನಿಮ್ಮಡಿಕೆ ನೀವೇ ಸುಲ್ಕಳ್ರಿ," ಎಂದೆ. ಗೊಣಗುತ್ತಲೇ ಗುಂಡಿ ತೋಡಿಸಿ ಸುತ್ತ ತಗಡು ನಿಲ್ಲಿಸಿದ.

ಆದರೂ ಮೊದಲ ದಿನ ಯಾರೂ ಏಳಲಿಲ್ಲ. ನನ್ನ ಸೆರಗಿನ ಗಂಟಿನಲ್ಲಿ ಈಗ ಮಾತ್ರೆಯಿರಲಿಲ್ಲ, ಪಕ್ಕದಲ್ಲಿ ಚೊಂಬು ಇತ್ತು. ಎಲ್ಲರೆದುರು ಗಟಗಟ ಕುಡಿದೆ. ಸ್ವಲ್ಪ ಹೊತ್ತಿಗೆ ಎದ್ದು ನಿಂತೆ. ಎಲ್ಲರೂ ಸುಲಿಯುವುದು ಬಿಟ್ಟು ನನ್ನನ್ನೇ ನೋಡಿದರು.

"ಯಾಕ್ರೇ ಬಾಯಿ ಹೊಲ್ಕೊಂಡೀರಿ? ತೂತು ಕೊಡ ಎದ್ತು ಅನ್ರಿ!"

"ತಡಿಯಕ್ಕ, ನಾನೂ ಬತ್ತೀನಿ," ಎಂದು ವಾರಗಿತ್ತಿ ಎದ್ದಳು. ಅವಳ ಹಿಂದೆ ಇನ್ನಿಬ್ಬರು ಎದ್ದರು. ನಾವು ತಗಡಿನ ಬಾಗಿಲ ಮುಂದೆ ಸಾಲಾಗಿ ನಿಂತೆವು. ನಾನು ವಾರಗಿತ್ತಿಯನ್ನು ಮೊದಲು ಒಳಗೆ ಕಳಿಸಿದೆ.