ದೇವರ ಎದುರಿಗೆ ಮಲಗಿದ ಸೈಕಲ್

ಬ್ರಹ್ಮಪುರದ ವೇದವ್ಯಾಸರು ಸೊಂಟನೋವಿಗೆ ಬೇಸತ್ತು, ಮಲಗಿದಂತೆ ಒರಗಿ, ಕಾಲು ಮುಂದೆ ಚಾಚಿ ತುಳಿಯುವ ಸೈಕಲ್ ತರಿಸಿದ್ದರು. ಕಮಲಾಪುರದ ಹೆದ್ದಾರಿಯಲ್ಲಿ ಅದು ಎದುರುಗಾಳಿಯನ್ನೂ ಸೀಳಿಕೊಂಡು ಓಡುತ್ತಿತ್ತು. ಆದರೆ ಒಂದು ದಿನ ಮಹಾಗಾಂವದ ಓಣಿಯಲ್ಲಿ ದೇವರ ಪಲ್ಲಕ್ಕಿ ಎದುರಾಯಿತು. ಅವರು ಬ್ರೇಕ್ ಹಾಕಿ, ಒರಗಿದಲ್ಲೇ ಭಕ್ತಿಯಿಂದ ಕೈಮುಗಿದರು.

"ದೇವರಿಗೇ ಕಾಲ ತೋರಸ್ತೀಯೇನಲೇ?" ಎಂದು ಪಲ್ಲಕ್ಕಿಯ ಮುಂದಿದ್ದ ಕಲ್ಯಾಣಪ್ಪ ಕೋಲು ಬೀಸಿದ. ವೇದವ್ಯಾಸರು ಏಳುವಷ್ಟರಲ್ಲಿ ಮುಂದಿನ ಹಲ್ಲು ಮುರಿದು ಬಾಯಿತುಂಬ ರಕ್ತ.

ಗಾಯ ಮಾಯ್ದ ಮೇಲೆ ಅವರು ಹಳೆಯ ಸಾದಾ ಸೈಕಲ್ಲೇರಿ ಅದೇ ಓಣಿಗೆ ಹೋದರು. ಕಟ್ಟೆಯ ಮೇಲೆ ಕೂತಿದ್ದ ಕಲ್ಯಾಣಪ್ಪ ನಕ್ಕ.

"ಈಗ ಮನಷ್ಯಾರಂಗ ಬಂದೀರಿ ನೋಡ್ರಿ. ಆ ಮಲಗೋ ಸೈಕಲ್ ಬಿಟ್ರೇನು?"

"ಇಲ್ಲಪಾ, ದೂರದ ದಾರಿಗೆ ಅದೇ ಛಲೋ."

ಹೇಳುತ್ತಲೇ ವೇದವ್ಯಾಸರು ಜಿಗಿದಿಳಿದು ಅವನ ದವಡೆಗೆ ಬಾರಿಸಿದರು. ಕಲ್ಯಾಣಪ್ಪ ಕಟ್ಟೆಯಿಂದ ಕೆಳಗುರುಳಿದ.

"ಇಂಥಾ ಕೆಲಸಕ್ಕ ಇದು. ಲಗೂನ ಇಳೀಲಿಕ್ಕೆ ಬರ್ತದ."