ಅಸ್ತರಿಲ್ಲದ ಚೀಲ

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸ್‌ನ ಕೂಲಿ ಲೈನಿನಲ್ಲಿ ನಮ್ಮ ಮನೆ. ಗಣಿಯವರು ಸವೆಯಿತೆಂದು ಎಸೆದ ಸಣಬಿನ ಹಗ್ಗ, ಹರಿದ ಗೋಣಿ, ಏನು ಸಿಕ್ಕರೂ ಅಮ್ಮ ಬಿಡುತ್ತಿರಲಿಲ್ಲ. ಹಗ್ಗವನ್ನು ಎಳೆ ಎಳೆಯಾಗಿ ಬಿಚ್ಚಿ, ಸೀಗೆಪುಡಿಯಲ್ಲಿ ಜಿಡ್ಡು ತೊಳೆದು, ದಾಳಿಂಬೆ ಸಿಪ್ಪೆಯ ನೀರಲ್ಲಿ ಕುದಿಸಿ, ಕೈಚೀಲ, ಸೊಂಟಪಟ್ಟಿ ಹೆಣೆಯುತ್ತಿದ್ದಳು. ಲೈನಿನ ಹೆಂಗಸರಿಗೆ ಅದು ಕಸ. ಬಂಗಲೆಯ ದೊರೆಸಾನಿಯೊಬ್ಬಳು ಅಂಥ ಪಟ್ಟಿ ಕಟ್ಟಿಕೊಂಡು ಓಡಾಡಿದ ಮೇಲೆ ಅವರಿಗೂ ಅದೇ ಬೇಕಾಯಿತು.

ಅಮ್ಮನ ಚೀಲಗಳಿಗೆ ಒಳಗೆ ಅಸ್ತರಿನ ಬಟ್ಟೆ ಇರುತ್ತಿರಲಿಲ್ಲ. ಗಣಿಯಿಂದ ಹೊರಬರುವವರನ್ನು ಗೇಟಿನಲ್ಲಿ ಶೋಧಿಸುತ್ತಿದ್ದರು. ಎರಡು ಪದರ ಕಂಡರೆ ಸಾಕು, ಚಿನ್ನದ ಪುಡಿ ಅಡಗಿಸಿದ್ದಾರೆಂದು ಹೊಲಿಗೆ ಬಿಚ್ಚುವರು. ಅಪ್ಪನ ಬುತ್ತಿಚೀಲ ಹಾಗೇ ಹರಿದುಕೊಂಡು ಬಂದಿತ್ತು. ಆಮೇಲೆ ಎಲ್ಲವೂ ಒಂದೇ ಪದರ. ಒಳಗಿನ ಮುದ್ದೆ ಹೊರಗೆ ಕಾಣಬೇಕು. ಅಪ್ಪನಿಗೆ ಬುತ್ತಿ ಒಯ್ಯುತ್ತಿದ್ದ ನನಗೂ ಯಾರಾದರೂ ಕೈ ಚಾಚಿದರೆ ಚೀಲ ಬೋರಲು ಹಾಕಿ ತೋರಿಸುವುದು ಅಭ್ಯಾಸವಾಗಿತ್ತು.

ನನ್ನನ್ನು ಬೂದಿಕೋಟೆಯ ಬೇಸಾಯದ ಮನೆಗೆ ಕೊಟ್ಟರು. ಮಾತುಕತೆಯ ದಿನವೇ ಅತ್ತೆಯ ಚಿಕ್ಕಮ್ಮ, "ಗಣಿಯೋರಲ್ವಾ, ಕೈ ಬಾಯಿ ಎಂಗೋ ಏನೋ," ಎಂದಿದ್ದಳು. ಆ ಮಾತು ಅಮ್ಮನಿಗೆ ಚುಚ್ಚಿತು. ಮಗಳನ್ನು ಕಳ್ಳರ ಮನೆಯವಳಂತೆ ಕಾಣುತ್ತಾರೇನೋ ಎಂಬುದೊಂದೇ ಅವಳ ಭಯ. ನನಗೆಂದು ಹೆಣೆದ ಚೀಲಕ್ಕೆ ಮಾತ್ರ ತನ್ನ ಹಳೆಯ ಕೆಂಪು ಸೀರೆಯಿಂದ ಅಸ್ತರು ಹೊಲಿದಳು.

"ಅಲ್ಲಿ ಗೇಟಿಲ್ಲ ಕಣೇ. ತಲೆ ಎತ್ಕಂಡು ಓಗು," ಎಂದಳು.

ಬಂಗಾರಪೇಟೆಯಿಂದ ಎತ್ತಿನ ಗಾಡಿಯಲ್ಲಿ ಬಂದಿಳಿದು, ಹೊಸಿಲಿನ ಸೇರಕ್ಕಿ ಒದ್ದು ಒಳಗೆ ಕಾಲಿಟ್ಟೆ. ಅತ್ತೆ ನನ್ನ ಚೀಲದತ್ತ ಕೈ ಚಾಚಿದರು. ನಾನು ತಕ್ಷಣ ಅದನ್ನು ಬೋರಲು ಹಾಕಿದೆ. ಬಾಚಣಿಗೆ, ಕುಂಕುಮದ ಭರಣಿ, ರವಿಕೆ ಎಲ್ಲ ನೆಲದ ಮೇಲೆ. ಸಾಲದೆಂದು ಅಸ್ತರನ್ನೂ ಹೊರಗೆಳೆದು ತೋರಿಸಿದೆ. ಮನೆ ತುಂಬ ನೆಂಟರು. ಕುಂಬಳಕಾಯಿ ಕಳ್ಳ ಎಂದು ಯಾರೂ ಅಂದಿರಲಿಲ್ಲ, ನಾನೇ ಹೆಗಲು ಮುಟ್ಟಿ ನೋಡಿಕೊಂಡಿದ್ದೆ. ನಾಚಿಕೆಯಿಂದ ಸತ್ತೇ ಹೋದೆ.

ಅತ್ತೆ ಬಗ್ಗಿ ಎಲ್ಲವನ್ನೂ ಆಯ್ದು ಚೀಲಕ್ಕೆ ತುಂಬಿದರು.

"ಮೊಳೆಗೆ ತಗಲಾಕಾನ ಅಂತ ಕೈ ಚಾಚ್ದೆ ಕಣಮ್ಮ," ಎಂದರು. ಚೀಲವನ್ನು ತಿರುಗಿಸಿ ಹೆಣಿಗೆ ನೋಡಿದರು. "ಯಾರು ಎಣ್ದಿದ್ದು?"

"ನಮ್ಮಮ್ಮ. ಎಸ್ದಿರೋ ಅಗ್ಗದಲ್ಲಿ."

ಅತ್ತೆ ಮೂಲೆಯಲ್ಲಿ ಕೂತಿದ್ದ ತಮ್ಮ ಚಿಕ್ಕಮ್ಮನ ಕಡೆ ತಿರುಗಿದರು. "ಕೇಳುಸ್ಕಂಡ್ಯಾ ಚಿಕ್ಕಮ್ಮ? ಎಸ್ದಿದ್ ಅಗ್ಗ ಆಯ್ಕಂಡು ಇಂಗೆ ಎಣ್ಯೋರು ಕದ್ದು ಬಾಳ್ತಾರಾ?"

ಚೀಲ ಮೊಳೆಗೇರಿತು. ಆ ಮಾತು ಕೇಳಲು ಅಮ್ಮ ಅಲ್ಲಿರಲಿಲ್ಲ. ನನಗೆ ಅಳು ಬಂದದ್ದು ಆಗ.