ಫೋಟೊಗೆ ಕೂತ ಚಿಕ್ಕಬಸಪ್ಪ

ಹುಲ್ಲಹಳ್ಳಿ ಸುತ್ತಮುತ್ತ ಎಲ್ಲಿ ನಾಲ್ಕು ಜನ ಸೇರಬೇಕಾದರೂ ಅವರಿಗಿಂತ ಮೊದಲು ಚಿಕ್ಕಬಸಪ್ಪ ಬರಬೇಕಿತ್ತು. ಶಾಮಿಯಾನ, ಕುರ್ಚಿ, ಮೈಕು ಎಲ್ಲ ಅವನದೇ. ಗೂಟ ಹೊಡೆದು, ಹಗ್ಗ ಬಿಗಿದು, ಕೊನೆಗೆ ಮೈಕ್ ಹಿಡಿದು "ಹಲೋ, ಹಲೋ" ಅನ್ನುವನು. ಹೆಂಡತಿ ಚನ್ನಾಜಮ್ಮ ಕಟ್ಟಕಡೆಯ ಕಂಬದ ಹತ್ತಿರ ನಿಂತು ಕೈ ಎತ್ತುವಳು. ಕೈ ಎತ್ತಿದರೆ ಅಲ್ಲಿಯವರೆಗೂ ಕೇಳಿಸಿತು ಎಂದರ್ಥ. ಮನೆಯಲ್ಲಿ ಗಂಡನ ಮಾತಿಗೆ ಅವಳು ಕಿವಿ ಕೊಡುತ್ತಿದ್ದಳೋ ಇಲ್ಲವೋ, ಶಾಮಿಯಾನದಲ್ಲಿ ಮಾತ್ರ ತಪ್ಪದೆ ಕೊಡುತ್ತಿದ್ದಳು.

2001ರ ಬೇಸಿಗೆಯಲ್ಲಿ ಚನ್ನಾಜಮ್ಮ ಜ್ವರ ಬಂದು ತೀರಿಹೋದಳು. ಅವಳ ತಿಥಿಗೂ ಅವನೇ ಶಾಮಿಯಾನ ಹಾಕಿದ. ಆಮೇಲೆ ಒಂದು ತೊಂದರೆ ಶುರುವಾಯಿತು. ಮೈಕ್ ಹಿಡಿದು ಮೊದಲ "ಹಲೋ" ಅಂದ ಕೂಡಲೇ ಕಣ್ಣು ಕೊನೆಯ ಕಂಬದ ಕಡೆ ಹೋಗುವುದು. ಗಂಟಲು ಕಟ್ಟುವುದು. ಎರಡನೆಯ ಹಲೋ ಹೊರಗೇ ಬರದು. ಬೆಳಿಗ್ಗೆ ಎದ್ದರೆ ಗೂಟದ ಮೂಟೆಯನ್ನು ಯಾರೋ ಎದೆಯ ಮೇಲೆ ಇಟ್ಟಂತೆ ಇರುತ್ತಿತ್ತು. ಊಟ ಸೇರುತ್ತಿರಲಿಲ್ಲ. ಊರವರು ಮೈಕ್ ಕೆಟ್ಟಿದೆ ಎಂದುಕೊಂಡರು. "ವೈರ್ ಲೂಸಾಗದೆ ಕಣ್ರೀ" ಎಂದು ಅವನೂ ಒಪ್ಪಿಕೊಂಡ.

ಡಾಕ್ಟರಿಗೆ ಹೇಳಬಹುದಿತ್ತು. ಡಾಕ್ಟರು ಅವನ ಶಾಮಿಯಾನದ ಕೆಳಗೇ ಬರುತ್ತಿದ್ದರು. ಊರಿನ ಹಿತಚಿಂತನ ಸಮಿತಿ ವರ್ಷಕ್ಕೊಮ್ಮೆ ಬಸ್‌ಸ್ಟ್ಯಾಂಡಿನ ಎದುರು ಉಚಿತ ಮಾನಸಿಕ ಆರೋಗ್ಯ ಶಿಬಿರ ನಡೆಸುತ್ತಿತ್ತು. ಆದರೆ ಮೊದಲ ವರ್ಷವೇ ಒಂದು ಎಡವಟ್ಟಾಗಿತ್ತು. ಅಡುಗೆಯ ಶಿವನಂಜಪ್ಪ ತಲೆನೋವಿನ ಮಾತ್ರೆ ಸಿಗಬಹುದೆಂದು ಒಳಗೆ ಹೋಗಿಬಂದಿದ್ದ. ಅವನು ಮನೆ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಆಮೇಲೆ ಯಾವ ಮದುವೆಗೂ ಅವನನ್ನು ಕರೆಯಲಿಲ್ಲ. "ತಲೆ ಸರಿ ಇಲ್ದೋನು ಸಾರಿಗೆ ಏನ್ ಹಾಕ್ತನೋ ಯಾರು ಕಂಡವ್ರೆ?" ಎಂದರು. ಅಡುಗೆಯವನಿಗೇ ಹೀಗಾದರೆ, ಮದುವೆಯ ಚಪ್ಪರಕ್ಕೆ ಮೊದಲ ಕಂಬ ನಿಲ್ಲಿಸುವವನ ಗತಿ? ಚಿಕ್ಕಬಸಪ್ಪ ಬಾಯಿ ಬಿಡಲಿಲ್ಲ.

2003ರ ಶಿಬಿರದ ದಿನವೂ ಅವನೇ ಕುರ್ಚಿ ಜೋಡಿಸಿದ. ಆ ದಿನ ಬಸ್ಸಿಗೆ ಹೋಗುವವರು ಶಾಮಿಯಾನದ ಮುಂದೆ ಹಾಯದೆ ನಾಲೆಯ ಏರಿ ಬಳಸಿ ಹೋದರು. ಬಾಳೆಹಣ್ಣು ಮಾರುವ ಮುತ್ತಮ್ಮ ತನ್ನ ಬುಟ್ಟಿಯನ್ನು ಆಚೆ ಬದಿಗೆ ಒಯ್ದಳು. ಕಾರ್ಯಕ್ರಮವೇನೋ ಚೆನ್ನಾಗಿಯೇ ನಡೆಯಿತು. ಸಮಿತಿಯವರು ಒಬ್ಬರಿಗೊಬ್ಬರು ಹಾರ ಹಾಕಿಕೊಂಡರು. ಅಧ್ಯಕ್ಷರೂ ರೈಸ್‌ಮಿಲ್ಲಿನ ಯಜಮಾನರೂ ಆದ ಸೋಮಶೇಖರ್, ನೊಂದವರ ಮಾತನ್ನು ನಾವು ಕೇಳಬೇಕು ಎಂಬ ವಿಷಯವಾಗಿ ಬೇರೆ ಯಾರಿಗೂ ಮಾತಾಡಲು ಬಿಡದೆ ಮಾತಾಡಿದರು. ಮೈಸೂರಿನಿಂದ ಬಂದ ಡಾಕ್ಟರ್ ಶಾಲಿನಿ ಎರಡು ಸಲ ಗಡಿಯಾರ ನೋಡಿಕೊಂಡರು. ಕೊನೆಗೆ ಅವರನ್ನು ಮೇಜಿನ ಮುಂದೆ ಕೂರಿಸಿದಾಗ ಎದುರಿನ ಕುರ್ಚಿ ಖಾಲಿಯಿತ್ತು.

"ಪೇಶೆಂಟ್ ಇಲ್ದೆ ಪೇಪರ್‌ನವರು ಫೋಟೊ ಹಾಕಲ್ಲ ಸಾ" ಎಂದ ಸ್ಟುಡಿಯೊ ದೇವರಾಜು, ಕ್ಯಾಮೆರಾ ಹಿಡಿದುಕೊಂಡು.

ಸೋಮಶೇಖರ್ ಖಜಾಂಚಿಯ ಕಡೆ ತಿರುಗಿದರು. "ನೀವೇ ಒಂದ್ನಿಮಿಷ ಕೂತ್ಕೊಳ್ರಿ."

"ಮಗಳಿಗೆ ಗಂಡು ನೋಡ್ತಾ ಇದೀನಿ ಸಾರ್! ನೀವೇ ಕೂರಿ."

"ನಾನು ಅಧ್ಯಕ್ಷ ಕಣ್ರೀ. ಅಧ್ಯಕ್ಷನಿಗೆ ಹುಚ್ಚು ಹಿಡಿದ್ರೆ ಏನ್ ಚೆನ್ನಾಗಿರ್ತದೆ?"

ಜಾಗೃತಿ ಮೂಡಿಸಲು ಬಂದಿದ್ದವರಲ್ಲಿ ಒಬ್ಬರೂ ಆ ಕುರ್ಚಿಯನ್ನು ಮುಟ್ಟಲಿಲ್ಲ. ಎಲ್ಲರ ಕಣ್ಣೂ ಹಗ್ಗ ಸುತ್ತುತ್ತಿದ್ದ ಚಿಕ್ಕಬಸಪ್ಪನ ಮೇಲೆ ಬಿತ್ತು.

"ಬೇಡಿ ಸಾ, ಹೊಟ್ಟೆಪಾಡಿನ ಪ್ರಶ್ನೆ" ಎಂದು ಅವನು ಕೈ ಮುಗಿದ.

"ಅದಕ್ಯಾಕೆ ಹೆದರ್ತೀಯೋ? ತಾಳು" ಎಂದು ಸೋಮಶೇಖರ್ ಮೈಕ್ ಹಿಡಿದರು. "ಬಂಧುಗಳೇ, ನಮ್ಮ ಚಿಕ್ಕಬಸಪ್ಪ ಈಗ ಫೋಟೊಗೋಸ್ಕರ ರೋಗಿಯ ಪಾರ್ಟು ಮಾಡ್ತಾನೆ. ಅವನಿಗೆ ಯಾವ ಕಾಯಿಲೆಯೂ ಇಲ್ಲ ಅಂತ ಸಮಿತಿ ಪರವಾಗಿ ತಿಳಿಸ್ತಾ ಇದೀನಿ."

ಬಸ್‌ಸ್ಟ್ಯಾಂಡಿನ ಕಡೆಯಿಂದಲೂ ಚಪ್ಪಾಳೆ ಬಿತ್ತು. ಚಿಕ್ಕಬಸಪ್ಪ ಕುರ್ಚಿಯ ತುದಿಯಲ್ಲಿ ಕೂತ.

"ಏನಾದ್ರೂ ಮಾತಾಡ್ತಾ ಇರಿ ಯಜಮಾನ್ರೇ, ಫೋಟೊ ಸಹಜವಾಗಿ ಬರುತ್ತೆ" ಎಂದರು ಡಾಕ್ಟರು.

ಏನು ಮಾತಾಡುವುದು? ಸುಳ್ಳು ಹೇಳಲು ಅವನಿಗೆ ಯಾವ ಕಾಯಿಲೆಯ ಹೆಸರೂ ಗೊತ್ತಿರಲಿಲ್ಲ. ಗೊತ್ತಿದ್ದುದು ಒಂದೇ. "ಮೈಕ್ ಹಿಡುದ್ರೆ ಗಂಟ್ಲು ಕಟ್ತದೆ ಅವ್ವಾ" ಎಂದು ಶುರುಮಾಡಿದ. "ಆ ಕೊನೇ ಕಂಬದ ತಾವು ನಮ್ಮೋಳು ನಿಂತ್ಕತಿದ್ಲು..."

"ಇನ್ನೊಂಚೂರು ಬೇಜಾರ್ ಮಾಡ್ಕೊ ಬಸಪ್ಪಣ್ಣ" ಎಂದ ದೇವರಾಜು. ಬೇಜಾರು ಮಾಡಿಕೊಳ್ಳಲು ಚಿಕ್ಕಬಸಪ್ಪ ಕಷ್ಟಪಡಬೇಕಾಗಲಿಲ್ಲ. ಎರಡು ವರ್ಷದಿಂದ ಗಂಟಲಲ್ಲಿ ನಿಂತಿದ್ದೆಲ್ಲ ಒಮ್ಮೆಗೇ ಬಂದು, ಹೆಗಲ ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

"ಅಬ್ಬಬ್ಬಾ, ಏನ್ ಆಕ್ಟಿಂಗು! ಇವನು ನಾಟಕದ ಕಂಪನಿ ಸೇರ್ಬೇಕಿತ್ತು" ಎಂದರು ಖಜಾಂಚಿ. ಮತ್ತೆ ಚಪ್ಪಾಳೆ.

ಡಾಕ್ಟರ್ ಶಾಲಿನಿ ಚಪ್ಪಾಳೆ ತಟ್ಟಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, "ಊಟ, ನಿದ್ದೆ ಹೇಗಿದೆ?" ಎಂದು ಮೆಲ್ಲಗೆ ಕೇಳಿದರು. ಅವನು ಸಮಿತಿಯವರ ಕಡೆ ಹೆದರಿ ನೋಡಿದ. ಡಾಕ್ಟರಿಗೆ ಅರ್ಥವಾಯಿತು. ಅವರು ಜೋರಾಗಿ, "ಅಧ್ಯಕ್ಷರೇ, ಫೋಟೊ ಇನ್ನೂ ಸರಿಯಾಗಿ ಬಂದಿಲ್ಲ. ಇವರು ಸ್ವಲ್ಪ ಹೊತ್ತು ಕೂತಿರಲಿ, ನೀವೆಲ್ಲ ಊಟ ಮಾಡಿ" ಎಂದರು. ಊಟದ ಹೆಸರು ಕೇಳಿ ಸಮಿತಿ ಒಮ್ಮತದಿಂದ ಎದ್ದಿತು. ಅವರು ಊಟ ಮುಗಿಸಿ ಬಂದಾಗ ಡಾಕ್ಟರು ಇನ್ನೊಂದು ಮಾತು ಹೇಳಿದರು: "ತಿಂಗಳಿಗೊಂದು ಸಲ ಇವರನ್ನ ಮೈಸೂರಿಗೆ ಕಳಿಸಿ. ಅಲ್ಲೂ ಫೋಟೊ ಬೇಕಾಗುತ್ತೆ."

"ಮೈಸೂರಲ್ಲೂ ನಮ್ಮ ಸಮಿತಿ ಫೋಟೊನಾ?" ಸೋಮಶೇಖರ್ ಹಿಗ್ಗಿಹೋದರು. "ತಪ್ಪಿಸ್ಬೇಡ ಕಣೋ ಬಸಪ್ಪ, ಊರಿನ ಮರ್ಯಾದೆ!"

ಊರಿನ ಮರ್ಯಾದೆ ಉಳಿಸಲು ಚಿಕ್ಕಬಸಪ್ಪ ತಿಂಗಳು ತಿಂಗಳು ಬಸ್ ಹತ್ತಿದ. "ಎಲ್ಲಿಗ್ಲಾ ಬಸಪ್ಪ?" ಎಂದರೆ "ಫೋಟೊಗೆ" ಎನ್ನುತ್ತಿದ್ದ. ಡಾಕ್ಟರು ಮಾತ್ರೆ ಕೊಟ್ಟರು, ಅದಕ್ಕಿಂತ ಹೆಚ್ಚಾಗಿ ಚನ್ನಾಜಮ್ಮನ ವಿಷಯ ಕೇಳಿಸಿಕೊಂಡರು. ಎದೆಯ ಮೇಲಿನ ಮೂಟೆಯಿಂದ ಒಂದೊಂದೇ ಗೂಟ ಇಳಿಯಿತು. ಮದುವೆಗಳು ಮೊದಲಿನಂತೆಯೇ ಬಂದವು. ಪೇಪರಿನಲ್ಲಿ ಬಂದ ಫೋಟೊದಲ್ಲಂತೂ ಸೋಮಶೇಖರರ ಮುಖ ದೊಡ್ಡದಾಗಿತ್ತು, ಚಿಕ್ಕಬಸಪ್ಪನದು ಒಂದು ಕಿವಿ ಮಾತ್ರ.

ಒಂದು ದಿನ ಮುತ್ತಮ್ಮ ಅವನನ್ನು ಕರೆದು ಎರಡು ಬಾಳೆಹಣ್ಣು ಕೊಟ್ಟಳು. ಮಗ ಮನೆ ಬಿಟ್ಟುಹೋದಾಗಿನಿಂದ ಅವಳಿಗೆ ಸುಮ್ಮಸುಮ್ಮನೆ ಎದೆ ಢವಗುಟ್ಟುತ್ತಿತ್ತು. ಅದನ್ನು ಹೇಳದೆ, "ಬಸಪ್ಪಣ್ಣ, ಬರೋ ವರ್ಷ ಆ ಫೋಟೊ ಪಾರ್ಟು ನಂಗೂ ಒಂದು ಸಿಕ್ಕದಾ?" ಎಂದು ಕೇಳಿದಳು.

"ಸಿಗ್ತದೆ ಕಣಕ್ಕ. ಆಕ್ಟಿಂಗ್ ಏನೂ ಬರ್ಬೇಕಿಲ್ಲ."

ಮುಂದಿನ ವರ್ಷ ಶಾಮಿಯಾನದ ಕೊನೆಯ ಕಂಬದಿಂದ ಆಚೆಗೂ ಸಾಲು ಬೆಳೆದಿತ್ತು. ಅಡುಗೆಯ ಶಿವನಂಜಪ್ಪನೂ ಇದ್ದ. ಯಾರನ್ನು ಕೇಳಿದರೂ "ಸುಮ್ನೆ, ಫೋಟೊಗೆ" ಎಂದರು. ಸೋಮಶೇಖರ್ ಸಾಲನ್ನು ನೋಡಿ, ನಮ್ಮ ಊರಿನಲ್ಲಿ ಇಷ್ಟು ಜನ ಕಲಾವಿದರಿದ್ದಾರೆಂದು ಗೊತ್ತೇ ಇರಲಿಲ್ಲ ಎಂದು ಬೆರಗಾದರು. ಭಾಷಣ ಹೊಸೆಯುತ್ತ ವೇದಿಕೆ ಹತ್ತಿದರು.

ಭಾಷಣಕ್ಕೆ ಮೊದಲು ಮೈಕ್ ನೋಡಬೇಕಿತ್ತು. ಚಿಕ್ಕಬಸಪ್ಪ ಹಿಡಿದ. "ಹಲೋ" ಎಂದ. ಕಣ್ಣು ಕೊನೆಯ ಕಂಬಕ್ಕೆ ಹೋಯಿತು. ಒಂದು ಉಸಿರು ತೆಗೆದುಕೊಂಡ.

"ಹಲೋ. ಕೊನೇಲಿರೋರ್ಗೆ ಕೇಳ್ತಾ ಅದಾ?"

ಕಂಬದ ಹತ್ತಿರ ನಿಂತಿದ್ದ ಮುತ್ತಮ್ಮ ಕೈ ಎತ್ತಿದಳು. "ಕೇಳ್ತಾ ಅದೆ ಕಣಪ್ಪ! ಆ ಅಧ್ಯಕ್ಷರ ಕೈಗೆ ಕೊಡ್ಬೇಡ ಅದ್ನ, ನಾವು ಫೋಟೊ ಮುಗಿಸ್ಕಂಡು ಬಸ್ ಹತ್ಬೇಕು!"

ಚಿಕ್ಕಬಸಪ್ಪ ಮೈಕನ್ನು ಕೊಡುವ ಮುಂಚೆ ಸ್ವಿಚ್ ಆರಿಸಿದ. ಸೋಮಶೇಖರ್ ಎರಡು ಸಲ ತಟ್ಟಿ ನೋಡಿದರು.

"ವೈರ್ ಲೂಸಾಗದೆ ಸಾ" ಎಂದ ಅವನು.